ಉಪ್ಪಿನ ಗಂಟಿನ ಶಾಖ

ತಮ್ಮ ಎಂದು ಬರೆಯುತ್ತಿದ್ದೇನೆ. ಈ ಮಾತು ನನಗೆ ಸಲೀಸಾಗಿ ಬಂದದ್ದಲ್ಲ. ಅವನು ನನ್ನ ಹಿಂದೆ ಹುಟ್ಟಿದ್ದು ತಂಗಿಯಾಗಿ. ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ಕೈಹಿಡಿದುಕೊಂಡು ಭೀಮನಬೀಡಿನ ಶಾಲೆಗೆ ಕರೆದೊಯ್ದವಳು ನಾನು. ದೊಡ್ಡವನಾದ ಮೇಲೆ ಕೂದಲು ಕತ್ತರಿಸಿಕೊಂಡು ಮೈಸೂರಿಗೆ ಹೋದ. ಅಲ್ಲಿ ಮೊಬೈಲ್ ರಿಪೇರಿ ಕಲಿತು, ಅಂಗಡಿಯೊಂದಕ್ಕೆ ಸೇರಿ, ಗಂಡಸಾಗಿಯೇ ಬದುಕಿದ. ಹೋದ ವರ್ಷ ಎದೆಯ ಆಪರೇಷನ್ ಮಾಡಿಸಿಕೊಂಡ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನನ್ನು ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಚಾಮರಾಜನಗರದ ನಮ್ಮ ಬಾಡಿಗೆ ಮನೆಗೆ ಬಂದ.

ಅವನ ಎದೆಯಲ್ಲಿ ಈಗ ಬಲಗಡೆ, ಹೊಲಿಗೆಯ ಗೆರೆಗಿಂತ ಸ್ವಲ್ಪ ಮೇಲೆ, ಅಂಗೈ ಅಗಲದ ಒಂದು ಕಲೆ ಇದೆ. ಅದು ಡಾಕ್ಟರು ಮಾಡಿದ್ದಲ್ಲ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಬದನಗುಪ್ಪೆಯ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತೇನೆ. ನಮ್ಮ ಮನೆಯವರು ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಗಾಡಿ ಓಡಿಸುತ್ತಾರೆ. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ತಮ್ಮನನ್ನು ಆಸ್ಪತ್ರೆಯಿಂದ ಕರೆತರಲು ನಾನೇ ಹೋಗಿದ್ದೆ. ಅವನು ಮಾತ್ರೆಯ ಮಂಪರಿನಲ್ಲಿ ಕುರ್ಚಿಗೆ ಒರಗಿದ್ದ. ನರ್ಸು ನನ್ನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಕನ್ನಡದಲ್ಲೇ ಬಿಡಿಸಿ ಹೇಳಿದಳು. ಚರ್ಮದ ಕೆಳಗೆ ನರಗಳು ತುಂಡಾಗಿವೆ, ಅವು ಮತ್ತೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಒಂದೊಂದು ಸಲ ವರ್ಷವೂ ಹಿಡಿಯುತ್ತದೆ. ಒಂದು ಕಡೆ ಮುಟ್ಟಿದರೆ ಸಾಕು ಉರಿಯುತ್ತದೆ, ಇನ್ನೊಂದು ಕಡೆ ಏನು ಮಾಡಿದರೂ ಗೊತ್ತಾಗುವುದಿಲ್ಲ. ಅದಕ್ಕೇ ಶಾಖ ಕೊಡಬೇಡಿ, ಐಸ್ ಇಡಬೇಡಿ ಎಂದಳು. ಹೇಳಿದ್ದನ್ನು ನನ್ನಿಂದ ಮತ್ತೊಮ್ಮೆ ಹೇಳಿಸಿದಳು. ನಾನು ತಪ್ಪಿಲ್ಲದೆ ಹೇಳಿದೆ. ಕೈಗೆ ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ.

ಅವನ ಗೆಳೆಯನ ಕಾರಿನಲ್ಲಿ ಬಂದೆವು. ಎದೆಗೂ ಸೀಟಿನ ಬೆಲ್ಟಿಗೂ ನಡುವೆ ದಿಂಬು ಇಟ್ಟುಕೊಂಡಿದ್ದ. ಉಬ್ಬು ಬಂದಾಗಲೆಲ್ಲ ಅದನ್ನು ಅಪ್ಪಿ ಹಿಡಿಯುತ್ತಿದ್ದ. ಬಾಗಿಲಲ್ಲಿ ನಮ್ಮ ಮನೆಯವರು ಕಾದಿದ್ದರು.

"ಏನ್ಲಾ ಭಾಮೈದ, ಎಲ್ರೂ ಎದೆ ಉಬ್ಬಿಸ್ಕಂಡು ಬತ್ತಾರೆ, ನೀನು ಇಳಿಸ್ಕಂಡು ಬಂದಿದ್ದಿ."

"ನಗಿಸ್ಬ್ಯಾಡಿ ಭಾವ, ಹೊಲಿಗೆ ಎಳೀತದೆ" ಎಂದು ಅವನು ದಿಂಬು ಹಿಡಿದುಕೊಂಡೇ ನಕ್ಕ.

ಆ ಮನುಷ್ಯ ಅವನನ್ನು ಒಂದೇ ದಿನದಲ್ಲಿ ಭಾವಮೈದ ಅಂದುಕೊಂಡುಬಿಟ್ಟರು. ಒಡಹುಟ್ಟಿದ ನನಗೆ ಅದು ಆಗಲಿಲ್ಲ.

ಮೊದಲ ವಾರಗಳಲ್ಲಿ ನಾನು ಕೆಟ್ಟದಾಗಿ ನೋಡಿಕೊಳ್ಳಲಿಲ್ಲ, ಅದನ್ನೂ ಹೇಳಬೇಕು. ಗಾಯ ಒಣಗುತ್ತಾ ಬಂದ ಹಾಗೆ ಹೊಸ ಕಾಟ ಶುರುವಾಯಿತು. ಬನಿಯನ್ನಿನ ಹೊಲಿಗೆ ತಾಗಿದರೆ ಮುಳ್ಳು ಎಳೆದ ಹಾಗೆ ಆಗುತ್ತಿತ್ತು. ನಾನು ಬನಿಯನ್ನುಗಳನ್ನೆಲ್ಲ ಒಳಹೊರಗು ಮಾಡಿ, ಹೊಲಿಗೆ ಆಚೆ ಬರುವ ಹಾಗೆ ತೊಡಿಸಿದೆ. ಫ್ಯಾನಿನ ಗಾಳಿಯೂ ಆಗುತ್ತಿರಲಿಲ್ಲ. ಅವನು ನೋವನ್ನು ಬಹಳ ಸರಿಯಾಗಿ ವಿವರಿಸುತ್ತಿದ್ದ. ಇಲ್ಲಿ ಕೆಂಜಿಗ ಹರಿದ ಹಾಗೆ, ಇಲ್ಲಿ ಲೂಸ್ ವೈರಿಗೆ ಕೈ ತಾಗಿದ ಹಾಗೆ, ಇಲ್ಲಿ ಮಾತ್ರ ಬೇರೆಯವರ ಮೈ ಮುಟ್ಟಿಕೊಂಡ ಹಾಗೆ ಎನ್ನುತ್ತಿದ್ದ. ಒಂದು ದಿನ ಬೆಳಿಗ್ಗೆ ಬಿಸಿ ಕಾಫಿ ಎದೆಯ ಮೇಲೆ ಚೆಲ್ಲಿತು. ಅವನು ಪೇಪರು ಓದುತ್ತಲೇ ಇದ್ದ. ಬಟ್ಟೆ ಒದ್ದೆಯಾದದ್ದನ್ನು ನೋಡಿ ಒರೆಸಿದವಳು ನಾನು.

ಆರು ವಾರವಾದ ಮೇಲೆ, ಮೈಸೂರಿನಲ್ಲಿ ಹೊಲಿಗೆ ತೋರಿಸಲು ಹೋದಾಗ, ನರಕ್ಕೆ ಅಭ್ಯಾಸ ಮಾಡಿಸುವುದನ್ನು ಹೇಳಿಕೊಟ್ಟರು. ಮೊದಲು ಮೆತ್ತನೆ ಬಟ್ಟೆಯಿಂದ ಸವರಬೇಕು, ಕೆಲವು ದಿನ ಕಳೆದು ಅದಕ್ಕಿಂತ ಒರಟು ಬಟ್ಟೆ, ಆಮೇಲೆ ಟವೆಲು. ನಾನು ಫ್ಯಾಕ್ಟರಿಯಲ್ಲಿ ಕಟಿಂಗಿನವರು ಬಿಸಾಡುವ ಚೂರುಗಳನ್ನು ಕೇಳಿ ತಂದೆ. ಸಂಜೆ ಕೆಲಸದಿಂದ ಬಂದು, ಕಾಫಿ ಕುಡಿದು, ಅವನ ಎದುರು ಕೂತು ಸವರುತ್ತಿದ್ದೆ. ಅವನು ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದ. ಇವತ್ತು ಬಟ್ಟೆ ಬಟ್ಟೆಯ ಹಾಗೇ ಅನ್ನಿಸ್ತು ಎಂದು ಒಂದೊಂದು ದಿನ ಖುಷಿಪಡುತ್ತಿದ್ದ. ಮಾರನೆಯ ದಿನ ಅದೇ ಬಟ್ಟೆಗೆ ಹಾರಿ ಬೀಳುತ್ತಿದ್ದ.

ನನಗೆ ಬೇಸರ ಹತ್ತಿದ್ದು ಆ ದಿನಗಳಲ್ಲಿ. ಗಾಯ ಮಾಗಿದೆ, ಊಟ ಸೇರುತ್ತಿದೆ, ನೋಡುವುದಕ್ಕೆ ಏನೂ ಇಲ್ಲ, ಆದರೂ ಗಾಳಿ ತಾಗಿದರೆ ಅಯ್ಯೋ ಎನ್ನುತ್ತಾನೆ; ಇದರಲ್ಲಿ ಅರ್ಧ ನಾಟಕ ಎಂದು ನನಗೆ ಅನ್ನಿಸತೊಡಗಿತು. ದಿನವಿಡೀ ಮಷೀನಿನ ಮುಂದೆ ಕೂತು ನನಗೂ ಸೊಂಟ ಬಿದ್ದುಹೋಗುತ್ತಿತ್ತು. ಅದನ್ನು ಕೇಳುವವರು ಯಾರು?

ಅವ್ವ ಇರುವುದು ಭೀಮನಬೀಡಿನಲ್ಲಿ. ಅವಳಿಗೆ ನಾನು ಎದೆಯಲ್ಲಿ ಗಡ್ಡೆ ಇತ್ತು, ತೆಗೆದರು ಎಂದಷ್ಟೇ ಹೇಳಿದ್ದೆ. ಅವ್ವ ಅವನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದಳು, ಹಳೆಯದನ್ನೂ ಇಲ್ಲ, ಹೊಸದನ್ನೂ ಇಲ್ಲ. ಊರಿನ ಎಷ್ಟೋ ಬಾಣಂತಿಯರಿಗೆ ನೀರು ಹಾಕಿದವಳು, ಕೈಕಾಲು ಉಳುಕಿದವರಿಗೆ, ಸೊಂಟ ಹಿಡಿದವರಿಗೆ ಶಾಖ ಕೊಟ್ಟವಳು. ಫೋನಿನಲ್ಲಿ ನಾನು ನರದ ನೋವಿನ ಸುದ್ದಿ ಹೇಳಿದಾಗ ಅವಳು ಯೋಚನೆಯನ್ನೇ ಮಾಡಲಿಲ್ಲ. ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಬಾಣಂತಿಯ ಸೊಂಟಕ್ಕೆ ಕೊಟ್ಟ ಹಾಗೆ ಶಾಖ ಕೊಡು, ಹಿಡಿದ ನರ ಬಿಟ್ಟುಕೊಳ್ಳುತ್ತದೆ ಎಂದಳು. ನಾನು ಹೂಂ ಎಂದೆ. ನರ್ಸು ಬೇಡ ಎಂದಿದ್ದಾಳೆ ಎಂದು ಹೇಳಲಿಲ್ಲ.

ಅದಾಗಿ ಮೂರನೆಯ ದಿನ ಭಾನುವಾರ. ನನಗೆ ರಜ. ಬಟ್ಟೆ ಒಗೆದು ಒಳಗೆ ಬಂದಾಗ ಅವನು ಬೀರುವಿನ ಕನ್ನಡಿಯ ಮುಂದೆ ನಿಂತಿದ್ದ. ಮೈಮೇಲೆ ಬರೀ ಒಂದು ಲುಂಗಿ. ತನ್ನ ಎದೆಯನ್ನು ನೋಡಿಕೊಂಡು ನಗುತ್ತಿದ್ದ. ಸದ್ದಿಲ್ಲದ ನಗು. ಅವನು ಹಾಗೆ ನಕ್ಕದ್ದನ್ನು ನಾನು ಚಿಕ್ಕಂದಿನಲ್ಲೂ ನೋಡಿರಲಿಲ್ಲ. ನನ್ನನ್ನು ಕಂಡು, ನಾಚಿಕೊಂಡು, ಟವೆಲು ಎಳೆದುಕೊಳ್ಳಲು ಹೋಗಿ, ಅದು ತಾಗಿದ್ದಕ್ಕೆ ಮುಖ ಕಿವುಚಿದ.

ನನಗೆ ಅದನ್ನು ಸಹಿಸಲಾಗಲಿಲ್ಲ. ಇಷ್ಟು ನೋವು ತಿಂದೂ ಇವನಿಗೆ ಪಶ್ಚಾತ್ತಾಪವಿಲ್ಲವಲ್ಲ ಎನ್ನಿಸಿತು. ನನ್ನ ತಂಗಿಯನ್ನು ಕಳೆದವನು ನನ್ನ ಮನೆಯಲ್ಲೇ ನಿಂತು ನಗುತ್ತಿದ್ದಾನೆ ಎನ್ನಿಸಿತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ಅನ್ನಿಸಿದ್ದು ಇದೇ.

ಒಲೆ ಹಚ್ಚಿ ಬಾಣಲೆ ಇಟ್ಟು ಉಪ್ಪು ಹುರಿದೆ. ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿದೆ. ಮಲಗು, ನೋವಿಗೆ ಶಾಖ ಕೊಡುತ್ತೇನೆ ಎಂದೆ.

"ಕೊಡಬೋದಾ ಅಕ್ಕ? ಅವತ್ತು ನರ್ಸು ನಿಂಗೇನೂ ಹೇಳ್ನಿಲ್ವಾ?"

"ಏನೂ ಹೇಳ್ನಿಲ್ಲ" ಎಂದೆ.

ಅವನು ಚಾಪೆಯ ಮೇಲೆ ಮಲಗಿದ. ಮುಟ್ಟಿದರೆ ಉರಿಯುವ ಅಂಚುಗಳನ್ನು ಬಿಟ್ಟು, ಜೋಮು ಹಿಡಿದಿದ್ದ ನಡುಭಾಗದಲ್ಲಿ ಗಂಟು ಇಟ್ಟೆ. ಬಿಸಿ ಗೊತ್ತಾಗುತ್ತಿಲ್ಲ ಎಂದ. ಮತ್ತೆ ಹುರಿದು ತಂದೆ. ಈಗಲೂ ಇಲ್ಲ ಕಣಕ್ಕ, ಸಾಕು ಬಿಡು ಎಂದು ಏಳಲು ಹೋದ.

"ಇಷ್ಟ್ ದಿನ ನಿಂಗೆ ಬೇಕಾದ್ದ ಮಾಡ್ಕಂಡೆ. ಒಂದ್ ಸಲನಾರ ನಾ ಹೇಳ್ದಂಗೆ ಕೇಳು. ಸುಮ್ಕೆ ಮನಿಕೊ ಕಣಮ್ಮಿ."

ಅಮ್ಮಿ ಎನ್ನುವುದು ಹೆಣ್ಣುಮಕ್ಕಳಿಗೆ ಆಡುವ ಮಾತು. ಎಷ್ಟೋ ವರ್ಷದಿಂದ ಅವನಿಗೆ ನಾನು ಹಾಗೆ ಅಂದಿರಲಿಲ್ಲ. ಅವನು ಒಮ್ಮೆ ನನ್ನನ್ನು ನೋಡಿ, ಕಣ್ಣು ಮುಚ್ಚಿಕೊಂಡು, ಮತ್ತೆ ಮಲಗಿದ.

ಮೂರನೆಯ ಸಲ ಹುರಿದ ಗಂಟು ಎಷ್ಟು ಕಾದಿತ್ತು ಎಂದರೆ ನಾನು ಅದನ್ನು ಸೆರಗಿನಲ್ಲಿ ಹಿಡಿಯಬೇಕಾಯಿತು. ನನ್ನ ಕೈಗೆ ತಡೆಯದ ಬಿಸಿ ಅದು. ಅದನ್ನು ಇಟ್ಟೆ. ಒತ್ತಿ ಹಿಡಿದೆ. ನೋಯಲಿ, ನೊಂದರೆ ತಪ್ಪು ಮಾಡಿದೆ ಎಂದು ಇವನ ಬಾಯಿಂದ ಬರುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಅವನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಗಂಟು ತೆಗೆದಾಗ ಚರ್ಮ ಕೆಂಪಗಿತ್ತು. ನಾನು ಅನ್ನಕ್ಕಿಡಲು ಎದ್ದು ಹೋದೆ. ಊಟದ ಹೊತ್ತಿಗೆ ಅಲ್ಲಿ ಬೊಬ್ಬೆ ಎದ್ದಿತ್ತು, ಅಂಗೈಯಷ್ಟು. ಅವನು ತಲೆ ಬಗ್ಗಿಸಿ ಅದನ್ನು ನೋಡಿ, ಬೇರೆ ಯಾರದೋ ಮೈಗೆ ಆದದ್ದನ್ನು ಕೇಳುವ ಹಾಗೆ, ಇದೇನಕ್ಕ ಎಂದು ಕೇಳಿದ.

ಮಾರನೆಯ ದಿನ ಮೈಸೂರಿಗೆ ಹೋದೆವು. ಡಾಕ್ಟರು ಬೊಬ್ಬೆಯನ್ನು ಬಗ್ಗಿ ನೋಡಿದರು. ಆಮೇಲೆ, ಮನೆಗೆ ಕಳಿಸುವಾಗ ಶಾಖ ಕೊಡಬಾರದು ಎಂದು ನಾವು ಎಲ್ಲರಿಗೂ ಹೇಳಿಯೇ ಕಳಿಸುತ್ತೇವೆ, ಇದನ್ನು ಯಾರು ಮಾಡಿದರು ಎಂದು ಕೇಳಿದರು. ತಮ್ಮ ನನ್ನ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಲೆಕ್ಕ ತಪ್ಪಿದವನು ಮತ್ತೊಮ್ಮೆ ಕೂಡಿ ನೋಡುವ ಹಾಗಿತ್ತು. ಆಮೇಲೆ ಡಾಕ್ಟರ ಕಡೆ ತಿರುಗಿ, ನಾನೇ ಬಿಸಿನೀರಿನ ಬ್ಯಾಗು ಇಟ್ಟುಕೊಂಡೆ ಸಾರ್, ಮರೆತುಹೋಗಿತ್ತು ಎಂದ. ಡಾಕ್ಟರು ಅವನನ್ನು ಚೆನ್ನಾಗಿ ಬೈದರು. ಇಷ್ಟು ಓಡಾಡಿ, ಇಷ್ಟು ಕಾದು ಮಾಡಿಸಿಕೊಂಡದ್ದನ್ನು ಯಾರಾದರೂ ಹೀಗೆ ಹಾಳು ಮಾಡಿಕೊಳ್ಳುತ್ತಾರಾ ಎಂದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನಾನು ಪಕ್ಕದಲ್ಲಿ ನಮ್ಮ ಚೀಲ ಹಿಡಿದು ನಿಂತಿದ್ದೆ.

ಸುಟ್ಟ ಜಾಗ ಆಳವಾಗಿತ್ತು. ಮಾಗಲು ಎರಡು ತಿಂಗಳು ಹಿಡಿಯಿತು. ಅಲ್ಲಿ ಸ್ಪರ್ಶ ತಿರುಗಿ ಬರುತ್ತದೋ ಇಲ್ಲವೋ ಈಗ ಹೇಳಲಾಗದು ಎಂದರು. ಸುತ್ತಲಿನ ಚರ್ಮದಲ್ಲಿ ಉರಿ ಮೊದಲಿಗಿಂತ ಹೆಚ್ಚಾಯಿತು. ಅವನು ನಮ್ಮ ಮನೆಯಲ್ಲಿ ಇದ್ದದ್ದು ಇನ್ನು ಹತ್ತೇ ದಿನ. ಡ್ರೆಸ್ಸಿಂಗನ್ನು ಬಾಗಿಲು ಹಾಕಿಕೊಂಡು ತಾನೇ ಮಾಡಿಕೊಳ್ಳುತ್ತಿದ್ದ. ಹೇಗಿದೆ ಎಂದರೆ ಪರವಾಗಿಲ್ಲ ಎನ್ನುತ್ತಿದ್ದ. ಕೆಂಜಿಗ, ವೈರು, ಒಂದರ ಸುದ್ದಿಯನ್ನೂ ನನ್ನ ಹತ್ತಿರ ಮತ್ತೆ ಎತ್ತಲಿಲ್ಲ. ಆಮೇಲೆ ಮೈಸೂರಿನ ಗೆಳೆಯನ ರೂಮಿಗೆ ಹೋದ. ಯಾಕ್ಲಾ ಇಷ್ಟು ಬೇಗ ಎಂದು ನಮ್ಮ ಮನೆಯವರು ಕೇಳಿದ್ದಕ್ಕೆ ಅಂಗಡಿಯಲ್ಲಿ ಕರೀತಿದ್ದಾರೆ ಭಾವ ಎಂದ. ಅವ್ವ ಫೋನು ಮಾಡಿ ಶಾಖಕ್ಕೆ ಗುಣವಾಯಿತಾ ಎಂದು ಕೇಳಿದಾಗ ನಾನು ಆಯಿತು ಎಂದಿದ್ದೆ.

ಈ ವರ್ಷ ಅವ್ವನಿಗೆ ಜ್ವರ ಬಂದು ಸುಸ್ತಾದಾಗ ಇಬ್ಬರೂ ನೋಡಲು ಹೋದೆವು. ಅವನು ಮೈಸೂರಿನಿಂದ, ನಾನು ಇಲ್ಲಿಂದ, ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಸೇರಿ ಊರಿನ ಬಸ್ಸು ಹತ್ತಿದೆವು. ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ಅವನ ಎದೆಗೆ ತಾಗಿತು. ಅವನು ಕಂಬಿ ಹಿಡಿದುಕೊಂಡು ಉಸಿರು ಬಿಗಿಹಿಡಿದ. ಇಷ್ಟು ತಿಂಗಳಾದರೂ ಹಾಗಿತ್ತು. ಅವ್ವ ಹಾಸಿಗೆಯಿಂದ ಎದ್ದು ಕೂತಿದ್ದಳು. ಅವನು ಬಾಗಿ ಚೀಲ ಇಡುವಾಗ ಎದೆಗೆ ಕೈ ಒತ್ತಿಕೊಂಡದ್ದು ಅವಳ ಕಣ್ಣಿಗೆ ಬಿತ್ತು. ಬೇಡವೆಂದರೂ ಕೇಳದೆ ಒಲೆಯ ಮುಂದೆ ಹೋಗಿ, ಬಾಣಲೆಗೆ ಉಪ್ಪು ಹಾಕಿದಳು.

"ನಿಮ್ಮಕ್ಕ ಕೊಟ್ಟಾಗ ವಾಸಿ ಆಗ್ನಿಲ್ವಾ? ಬಾ ಇಲ್ಲಿ, ಕೂತ್ಕೊ."

"ಆಗಿತ್ತು ಕಣವ್ವ. ಈಗ ಬ್ಯಾಡ ಬುಡು" ಎಂದ ಅವನು, ನನ್ನ ಕಡೆ ನೋಡದೆ.

ಎರಡನೆಯ ಸಲ ಅವನು ನನಗಾಗಿ ಸುಳ್ಳು ಹೇಳಿದ. ಅವ್ವ ಬಟ್ಟೆ ಹುಡುಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಆಗ್ನಿಲ್ಲ ಕಣವ್ವ. ನಾನೇ ಸುಟ್ಟಾಕ್ಬುಟ್ಟೆ."

ಅವ್ವ ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಅವನು ಶರ್ಟಿನ ಮೂರು ಗುಂಡಿ ಬಿಚ್ಚಿ ತೋರಿಸಿದ. ಗಡ್ಡೆಯ ಮಾತು ಸುಳ್ಳು ಎಂದು ಅವಳಿಗೆ ಆಗ ತಿಳಿದಿರಬೇಕು. ಅದನ್ನು ಕೇಳಲಿಲ್ಲ.

"ಉರೀನಿಲ್ವಾ ನಿಂಗೆ?"

"ಉರಿಯದು ಗೊತ್ತಾಗಿದ್ರೆ ಎದ್ದೋಯ್ತಿರ್ನಿಲ್ವಾ ಅವ್ವ?"

ಅವಳು ಬಾಣಲೆ ಇಳಿಸಿದಳು. ಹೇಳಿಕೊಟ್ಟವಳು ನಾನಲ್ಲವಾ, ಅವಳನ್ನು ಯಾಕೆ ಅನ್ನಬೇಕು ಎಂದು ಒಲೆಯ ಕಡೆ ಮುಖಮಾಡಿ ಹೇಳಿಕೊಂಡಳು. ಆ ತಪ್ಪಿನ ಒಂದು ಪಾಲು ಅವಳೂ ಹೊತ್ತುಕೊಂಡಳು. ನಾನು ಅದಕ್ಕೂ ಸುಮ್ಮನಿದ್ದೆ.

ಸಾಯಂಕಾಲ ಗುಂಡ್ಲುಪೇಟೆಯಲ್ಲಿ ಅವನ ಬಸ್ಸಿಗೆ ಕಾಯುತ್ತಾ ನಿಂತಿದ್ದೆವು. ಜನ ತಾಗದ ಹಾಗೆ ಅವನು ಗೋಡೆಯ ಪಕ್ಕ ನಿಂತಿದ್ದ. ತಾನಾಗಿ ಮಾತು ತೆಗೆದ.

"ನೀ ಗೊತ್ತಿಲ್ದೆ ಮಾಡ್ದೆ. ಬುಡಕ್ಕ."

ಅಷ್ಟು ಹೇಳಿ ನನ್ನ ಮುಖ ನೋಡಿದ. ನರ್ಸು ಹೇಳಿದ್ದಳು, ನನಗೆ ಗೊತ್ತಿತ್ತು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುವುದಿಲ್ಲ. ಅವನಿಗೂ ಆ ಅನುಮಾನ ಇತ್ತು ಎಂದು ಈಗ ಅಂದುಕೊಳ್ಳುತ್ತೇನೆ. ಮೈಸೂರಿನ ಬಸ್ಸು ಒಳಗೆ ಬರುವವರೆಗೂ ಅವನು ಹಾಗೇ ನೋಡುತ್ತಿದ್ದ. ಹೂಂ ಕಣಪ್ಪ, ಗೊತ್ತಿರಲಿಲ್ಲ ಎಂದೆ. ಅವನು ತಲೆಯಾಡಿಸಿ, ಎದೆಗೆ ಚೀಲ ಅಡ್ಡ ಹಿಡಿದುಕೊಂಡು, ಎಲ್ಲರೂ ಹತ್ತಿದ ಮೇಲೆ ಕೊನೆಯವನಾಗಿ ಹತ್ತಿದ.