ಅಡ್ಡ ಹಿಡಿದ ಲಗ್ನಪತ್ರಿಕೆ

ಬಸವನಗುಡಿಯ ಬದರೀನಾರಾಯಣರಾಯರಿಗೆ ಸ್ಟ್ರೋಕ್ ಆದದ್ದು ಹೋದ ವರ್ಷ. ಕೈಕಾಲು ಉಳಿದವು, ಮಾತು ಉಳಿಯಿತು. ಎಡಗಡೆಯ ನೋಟ ಮಾತ್ರ ಹೋಯಿತು. ಕಣ್ಣಿನ ದೋಷವಲ್ಲ, ಮಿದುಳಿನದು, ಕನ್ನಡಕ ಬದಲಿಸಿ ಪ್ರಯೋಜನವಿಲ್ಲ ಎಂದರು ಡಾಕ್ಟರು. ಪುಸ್ತಕ ತೆರೆದರೆ ಪ್ರತಿ ಸಾಲಿನ ಮೊದಲ ಪದಗಳೇ ಮಾಯ. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ ಮನುಷ್ಯ ಅರ್ಧ ಸಾಲಿನಿಂದ ಓದಲು ಶುರುಮಾಡಿ, ತಲೆಬುಡ ತಿಳಿಯದೆ ಪುಸ್ತಕ ಎಸೆಯುತ್ತಿದ್ದರು.

ಥೆರಪಿ ಮಾಡುವ ಪ್ರೇಮಲತಾ ಒಂದು ಉಪಾಯ ಹೇಳಿಕೊಟ್ಟಳು: ಪುಟವನ್ನೇ ಅಡ್ಡ ತಿರುಗಿಸಿ ಹಿಡಿಯುವುದು. ಆಗ ಸಾಲು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಮೊದಲ ಪದ ತಪ್ಪಿಸಿಕೊಳ್ಳುವುದಿಲ್ಲ. ಕತ್ತು ನೋಯಿಸಿಕೊಂಡು, ಗೊಣಗಿಕೊಂಡು ರಾಯರು ಕಲಿತೇಬಿಟ್ಟರು. ಆದರೆ ಮನೆಯಲ್ಲಿ ಹಾಗೆ ಓದಲು ಬಿಟ್ಟವರು ಯಾರು? ಮಗ ಮಧುಸೂದನ್ ಹಾದುಹೋಗುವಾಗಲೆಲ್ಲ ಪುಸ್ತಕವನ್ನು ನೆಟ್ಟಗೆ ಮಾಡಿ ಕೈಗಿಟ್ಟು ಹೋಗುತ್ತಿದ್ದ. ಬಂದ ನೆಂಟರು ಇವರಿಗೆ ತಲೆ ಕೆಟ್ಟಿದೆ ಎಂದು ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದರು. ಎಷ್ಟು ಸಲ ಹೇಳುವುದು? ಕಿವಿ ಇದ್ದವರಿಗೆ ತಾನೆ ಹೇಳುವುದು.

ಮೊಮ್ಮಗಳು ಆರಾಧನಾಳ ನಿಶ್ಚಿತಾರ್ಥ ಬಂತು, ಛತ್ರದಲ್ಲಿ ಏರ್ಪಾಡಾಯಿತು. ಈ ಮನೆತನದಲ್ಲಿ ಲಗ್ನಪತ್ರಿಕೆ ಬರೆಯುವುದು ಪುರೋಹಿತರು, ಸಭೆಗೆ ಓದಿ ಹೇಳುವುದು ಮನೆಯ ಹಿರಿಯರು. ಅದೊಂದು ಕೈಬಿಟ್ಟರೆ ತಾನು ಮೂಲೆಯ ಮುದುಕ ಎಂದೇ ಲೆಕ್ಕ, ರಾಯರಿಗೆ ಚೆನ್ನಾಗಿ ಗೊತ್ತಿತ್ತು. ಪುರೋಹಿತರು ಎಲ್ಲರೆದುರೇ ಕೂತು ಬರೆದು, ಮೂಲೆಗಳಿಗೆ ಅರಿಸಿನ ಹಚ್ಚಿ ಕೊಟ್ಟರು. ರಾಯರು ಅಡ್ಡ ತಿರುಗಿಸಿದರು.

“ಶುಭಪತ್ರ, ಅಡ್ಡ ಹಿಡೀಬಾರ್ದು,” ಎಂದು ಪುರೋಹಿತರು ನೆಟ್ಟಗೆ ಮಾಡಿದರು. ರಾಯರು ಮತ್ತೆ ತಿರುಗಿಸಿದರು.

“ಅಪ್ಪಂಗೆ ಸುಸ್ತಾಗಿದೆ, ನಾನು ಓದ್ತೀನಿ,” ಎಂದು ಮಧುಸೂದನ್ ಕೈಚಾಚಿದ.

“ಕೈ ತೆಗಿ,” ಎಂದರು ರಾಯರು. ಆ ದನಿಗೆ ಒಂದು ಕಾಲಕ್ಕೆ ಇಡೀ ಕ್ಲಾಸು ಸುಮ್ಮನಾಗುತ್ತಿತ್ತು. ಈಗ ಛತ್ರ ಸುಮ್ಮನಾಯಿತು. ಎರಡೂ ಕಡೆಯ ಗೋತ್ರ, ಹೆಸರು, ತಿಥಿ, ಮುಹೂರ್ತ, ಎಲ್ಲವನ್ನೂ ಒಂದಕ್ಷರ ಬಿಡದೆ ಓದಿದರು.

ಗಂಡಿನ ತಂದೆ ಕಣ್ಣೊರೆಸಿಕೊಂಡರು. “ಪಾಪ, ಈ ಸ್ಥಿತೀಲೂ ರಾಯರು ಎಷ್ಟು ಚೆನ್ನಾಗಿ ಬಾಯಿಪಾಠ ಮಾಡ್ಕೊಂಡಿದಾರೆ ನೋಡಿ.”

ಆಗತಾನೇ ಬರೆದ ಪತ್ರಿಕೆಯನ್ನು ಬಾಯಿಪಾಠ ಮಾಡಿದ್ದು ಯಾವಾಗ ಎಂದು ಅಷ್ಟು ಜನದಲ್ಲಿ ಒಬ್ಬರಿಗಾದರೂ ಹೊಳೆಯಬೇಡವೆ? ರಾಯರು ಸಿಟ್ಟಿನಿಂದ ಪತ್ರಿಕೆಯನ್ನು ಅಡ್ಡವಾಗಿಯೇ ಎತ್ತಿ ಹಿಡಿದರು.

“ಬೇರೆ ಏನಾದ್ರೂ ಕೊಡಿ. ಯಾವುದಾದ್ರೂ ಸರಿ, ಓದ್ತೀನಿ.”

ಯಾರೂ ಏನೂ ಕೊಡಲಿಲ್ಲ. ಅಡ್ಡ ಹಿಡಿದ ಪತ್ರಿಕೆಯನ್ನಷ್ಟೇ ಎಲ್ಲರೂ ನೋಡಿದರು. ಮಧುಸೂದನ್ ಮೆಲ್ಲಗೆ ಪತ್ರಿಕೆ ಬಿಡಿಸಿಕೊಂಡು ತಟ್ಟೆಯಲ್ಲಿಟ್ಟ.

“ಆಯ್ತಪ್ಪ, ಬನ್ನಿ. ಎಲೆ ಹಾಕಿದಾರೆ.”