ಗೋಕಾಕದಲ್ಲಿ ನಾನು ಸೋಲದ ದಿನಗಳು

“ನಮ್ಮ ಕಬ್ಬಿಗೆ ಸಲಾಯಿನ್ ಹಚ್ಚಾಕ ಬಂದೀರೇನ್ರಿ?”

ಗೋಕಾಕಕ್ಕೆ ಬಂದಿಳಿದ ಮಾರನೇ ದಿನವೇ ಅಂಕಲಗಿಯ ರೈತರೊಬ್ಬರು ನನ್ನನ್ನು ಹೀಗೆ ಕೇಳಿದರು. ನನ್ನ ಕೈಯಲ್ಲಿ, ಆಸ್ಪತ್ರೆಯ ಸಲಾಯಿನ್ ಬಾಟಲಿಯಂತೆ ಹನಿಹನಿಯಾಗಿ ನೀರು ಬಿಡುವ ಹನಿ ನೀರಾವರಿಯ ಕಪ್ಪು ಪೈಪಿನ ಒಂದು ತುಂಡಿತ್ತು. ನಮ್ಮಿಬ್ಬರ ಕಾಲಡಿಯಲ್ಲಿ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು. ಹೇಳುವವರು ಕೇಳುವವರು ಇಲ್ಲದೆ ಕಬ್ಬಿನ ಸಾಲಿನಿಂದ ಸಾಲಿಗೆ ನುಗ್ಗುತ್ತಿದ್ದ ಆ ನೀರನ್ನು ನೋಡಿ ನನಗೆ ಮೊದಲು ಬಂದದ್ದು ಸಿಟ್ಟು. ನಾನು ಬಂಗಾರಪೇಟೆಯವನು. ನಮ್ಮ ಕೋಲಾರದ ಸೀಮೆಯಲ್ಲಿ ಕೊಳವೆಬಾವಿ ಕೊರೆಸುವ ದಿನ ಮನೆಮಂದಿಯೆಲ್ಲ ಮೈಗೆ ಧೂಳು ಮೆತ್ತಿಕೊಂಡು, ಮೇಲೆ ಬರುವ ಕಲ್ಲಿನ ಪುಡಿ ಸ್ವಲ್ಪ ಒದ್ದೆಯಾಯಿತೇ ಎಂದು ಮುಟ್ಟಿ ಮುಟ್ಟಿ ನೋಡುತ್ತೇವೆ. ಇಲ್ಲಿ ನೀರು ಚಪ್ಪಲಿ ಹೊತ್ತುಕೊಂಡು ಹೋಗುತ್ತದೆ. ಅವತ್ತು ನನ್ನದೊಂದು ಚಪ್ಪಲಿಯನ್ನು ಹಾಗೇ ಹೊತ್ತುಕೊಂಡು ಹೋಯಿತು.

ನಮ್ಮ ಕಡೆ ಪೈಪು ಬೇಕಾದವರೆಲ್ಲ ಆಗಲೇ ಕೊಂಡಾಗಿತ್ತು. ಹಾಗಾಗಿ ಪೈಪು ಮಾರಲು ಕಂಪನಿಯವರು ನನಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಮೂರು ತಾಲ್ಲೂಕು ಕೊಟ್ಟು ಕಳಿಸಿದರು. ಹೆಂಡತಿ ಊರಲ್ಲೇ ಶಾಲೆಯ ಮೇಡಂ, ಮಗಳು ಕಾಲೇಜಿಗೆ ಹೋಗುವವಳು. ಎರಡು ವರ್ಷ ತಾನೇ ಎಂದು ಒಬ್ಬನೇ ಬಂದೆ. ಈಗ ನಾಲ್ಕನೆಯ ವರ್ಷ ನಡೆಯುತ್ತಿದೆ.

ಮನೆ ಸುಲಭವಾಗಿ ಸಿಕ್ಕಿತು. ಮಹಡಿಯ ಮೇಲೆ ಎರಡು ಕೋಣೆ, ಕೆಳಗೆ ಮನೆಯ ಯಜಮಾನಿ. ಮೊದಲ ದಿನ ಅವರು ತಟ್ಟೆ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದರು. ಕಡಕ್ ರೊಟ್ಟಿ ಅಂದರೆ ಒಣಗಿಸಿ ಗರಿಗರಿ ಮಾಡಿದ ಜೋಳದ ರೊಟ್ಟಿ. ನಾನು ಅದನ್ನು ಹಪ್ಪಳವೆಂದುಕೊಂಡು ಅನ್ನಕ್ಕಾಗಿ ಬಹಳ ಹೊತ್ತು ಕಾದೆ. ಊರಿನಿಂದ ತಂದ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿದರೆ ಒಬ್ಬನಿಗೆ ಎಷ್ಟು ಹಿಟ್ಟು ಎಂದು ಇವತ್ತಿಗೂ ಅಂದಾಜು ಸಿಕ್ಕಿಲ್ಲ. ಇಬ್ಬರದಾಗುತ್ತದೆ, ಇಲ್ಲವೇ ಯಾರದೂ ಆಗುವುದಿಲ್ಲ.

ಭಾಷೆ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಬಸ್ಸು ಹತ್ತಿದ್ದೆ. ನಾನು ಬಾಯಿ ತೆರೆದರೆ ಯಜಮಾನಿಯವರು ಸೆರಗಿನಲ್ಲಿ ನಗು ಮುಚ್ಚಿಕೊಂಡು, “ಸಿನಿಮಾದಾಗ ಮಾತಾಡಿದಂಗ ಮಾತಾಡ್ತೀರಿ ನೋಡ್ರಿ” ಅನ್ನುತ್ತಿದ್ದರು. ಬೇರೆ ಭಾಷೆಯ ನಾಡಾಗಿದ್ದರೆ ಕಲಿಯಬಹುದಿತ್ತು. ನನ್ನದೇ ಭಾಷೆಯಲ್ಲಿ ಹೊರಗಿನವನಾಗಿ ನಿಲ್ಲುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸಂಜೆ ಮನೆಗೆ ಫೋನ್ ಮಾಡಿದರೆ ಊಟ ಆಯ್ತಾ ಅಂತ ಎರಡು ಸಲ ಕೇಳಿಕೊಂಡು ಸುಮ್ಮನಾಗುತ್ತಿದ್ದೆವು.

ಅಂಥದೊಂದು ಸಂಜೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದಾಗ ಟೇಬಲ್ ಟೆನಿಸ್ ಚೆಂಡಿನ ಸದ್ದು ಕೇಳಿತು. ಬಂಗಾರಪೇಟೆಯ ನಮ್ಮ ಹಾಲ್‌ನಲ್ಲಿ ಆ ಸದ್ದು ಕೇಳುತ್ತಲೇ ನಾನು ಬೆಳೆದವನು. ಹಳೆಯ ಗೋದಾಮು, ಒಂದೇ ಟೇಬಲ್ಲು, ಗೋಡೆಗುಂಟ ಒಂದು ಬೆಂಚು. ಫೋಟೋ ಸ್ಟುಡಿಯೋ ಇಟ್ಟಿರುವ ಬಸಣ್ಣ ಆ ಕ್ಲಬ್ಬಿನ ಕಾರ್ಯದರ್ಶಿ, ಕಸ ಗುಡಿಸುವವರೂ ಅವರೇ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, “ಬರ್ರಿ ಬರ್ರಿ, ಒಳಗ ಬರ್ರಿ. ಬ್ಯಾಟ್ ಹಿಡೀರಿ” ಅಂದರು. ಊರು ಯಾವುದೆಂದು ಕೇಳಿದರು. ಅಂದಿನಿಂದ ನಾನು ಅಲ್ಲಿ ಕೋಲಾರ ಸರ್.

ಆ ಸಂಜೆ ನಾನು ಗೆದ್ದೆ. ಮರುದಿನವೂ ಗೆದ್ದೆ. ಭಾನುವಾರಗಳಂದು ಮೂರೂ ಊರಿನವರು ಸರದಿಯ ಮೇಲೆ ಒಬ್ಬರ ಊರಲ್ಲೊಬ್ಬರು ಸೇರುತ್ತಿದ್ದರು. ಹುಕ್ಕೇರಿಯಲ್ಲಿ ಒಬ್ಬ ದಂತವೈದ್ಯೆಯ ಮನೆಯ ಮಹಡಿಯಲ್ಲಿ ಟೇಬಲ್ಲು. ಚೆಂಡು ತಾಕದಿರಲೆಂದು ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳನ್ನು ಸೂರಿಗೆ ಹತ್ತಿರ ತೂಗುಹಾಕಿದ್ದರು. ಅಲ್ಲೂ ಗೆದ್ದೆ. ಹಗಲೆಲ್ಲ ಪೈಪು ತೋರಿಸಿ ತೋರಿಸಿ ನಗೆಪಾಟಲಾಗುವ ನನಗೆ ಆ ಗೆಲುವುಗಳೇ ಅನ್ನವಾಗಿದ್ದವು. ಫೋನಿನಲ್ಲಿ ಹೇಳಲು ಒಂದು ಸುದ್ದಿ ಸಿಕ್ಕಿತ್ತು.

“ಅಪ್ಪಾ, ಅಲ್ಲಿ ಯಾರಿಗೂ ಆಡೋಕೇ ಬರಲ್ವಾ?” ಎಂದು ಮಗಳು ನಗುತ್ತಿದ್ದಳು. ನಿನ್ನಪ್ಪನಿಗೆ ಆಡೋಕೆ ಬರುತ್ತೆ ಅಂತ ನಾನೂ ನಗುತ್ತಿದ್ದೆ.

ಆರು ತಿಂಗಳ ಮೇಲೆ ಮೂಡಲಗಿಯ ಒಂದು ಸರದಿಯಲ್ಲಿ, ಅದುವರೆಗೆ ಬೆಂಚಿನ ಮೇಲೆ ಕೂತು ನೋಡುತ್ತಿದ್ದ ರಾಯಪ್ಪ ಎದುರಾದರು. ಅರವತ್ತು ದಾಟಿದ ಮನುಷ್ಯ, ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಕುರಿ ಕಾಯುವ ಮನೆತನ. ಅಣ್ಣತಮ್ಮಂದಿರು ಈಗಲೂ ಮೇಲವಂಕಿಯ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುತ್ತಾರೆ. ನಮಸ್ಕಾರವಿಲ್ಲ, ಬರ್ರಿ ಇಲ್ಲ, ನೇರ ಸರ್ವ್ ಮಾಡಿದರು. ಚೆಂಡು ಟೇಬಲ್ಲಿಗೆ ಬಿದ್ದು ಎತ್ತ ಹೊರಳಿತೆಂದು ನನಗೆ ಕಾಣಲೇ ಇಲ್ಲ. ಹನ್ನೊಂದಕ್ಕೆ ಮೂರು. ಎರಡನೆಯ ಗೇಮಿನಲ್ಲಿ ಅಷ್ಟೂ ಇಲ್ಲ.

ಬೆಂಚಿನ ಮೇಲಿದ್ದ ಬಸಣ್ಣನ ಮುಖ ಸಣ್ಣಗಾಯಿತು. “ಏನ್ ಮಾಡಿದ್ರಿ ಕಾಕಾ? ಪಾವಣ್ಯಾರನ್ನ ಹಿಂಗ ಸೋಲಸ್ತಾರೇನು?”

ಪಾವಣ್ಯಾರು ಅಂದರೆ ಇಲ್ಲಿ ಮನೆಗೆ ಬಂದ ನೆಂಟರು, ಅತಿಥಿಗಳು.

“ಯಾರ ಪಾವಣ್ಯಾ?” ಅಂದರು ರಾಯಪ್ಪ. “ಅಂವ ಬಂದು ಆರ ತಿಂಗಳಾತು. ಬಾಡಿಗಿ ಕಟ್ಟಾಕತ್ತಾನ, ಸಂತಿ ಮಾಡಾಕತ್ತಾನ. ಇನ್ನೂ ಎಷ್ಟ ದಿನಾ ಹುಸಿ ಗೆಲ್ಲಾಕ ಬಿಡಾವ್ರದೀರಿ ನೀವು?”

ಮರಳಿ ಬರುವಾಗ ಬಸಣ್ಣ ಸಂಕೋಚದಿಂದಲೇ ಹೇಳಿದರು. “ತಪ್ಪ ತಿಳ್ಕೋಬ್ಯಾಡ್ರಿ ಸರ್. ಬಂದವ್ರನ್ನ ಸೋಲಿಸಿ ಕಳಸೂದು ನಮ್ಮ ಪದ್ಧತಿ ಅಲ್ರಿ. ಉಣ್ಣಾಕ ಕುಂತವ್ರ ಮುಂದ ತಾಟ ಖಾಲಿ ಇಡ್ತೀವೇನು? ಇದೂ ಹಂಗ.”

ನಾನು ಗೆದ್ದ ಒಂದೊಂದು ಪಾಯಿಂಟೂ ನೆನಪಾಗತೊಡಗಿತ್ತು. ಎತ್ತರಕ್ಕೆ, ನಿಧಾನಕ್ಕೆ, ಸರಿಯಾಗಿ ನನ್ನ ಬಲಗೈಗೇ ಬಂದು ಕೂರುತ್ತಿದ್ದ ಚೆಂಡುಗಳು. ಅವರ ಮೇಲೆ ಸಿಟ್ಟು ಬರಲಿಲ್ಲ, ಪ್ರೀತಿಯಿಂದಲೇ ಮಾಡಿದ್ದರು. ಮಗಳಿಗೆ ಹೇಳಿಕೊಂಡದ್ದನ್ನು ನೆನೆದು ಮಾತ್ರ ಬಹಳ ನಾಚಿಕೆಯಾಯಿತು.

ಸ್ವಲ್ಪ ದಿನದಲ್ಲೇ ಮೂಡಲಗಿಯ ಹಾಲ್ ಕಂಪ್ಯೂಟರ್ ಕ್ಲಾಸಿಗೆ ಹೋಯಿತು. ಅವರ ಟೇಬಲ್ಲನ್ನು ಮಡಚಿ ಯಾರದೋ ಗೋಡೆಗೆ ಒರಗಿಸಿದರು. ರಾಯಪ್ಪ ಬಸ್ಸು ಹಿಡಿದು ಗೋಕಾಕಕ್ಕೇ ಬರತೊಡಗಿದರು. ಬಂದವರು ಬೆಂಚಿನ ಕಡೆ ನೋಡಿ, “ವೆಂಕಟೇಶ, ಏಳು” ಅನ್ನುತ್ತಿದ್ದರು. ಈ ಊರಲ್ಲಿ ನನ್ನ ಹೆಸರು ಹಿಡಿದು ಕರೆದವರು ಅವರೊಬ್ಬರೇ.

ಆಮೇಲಿನ ಒಂದೂವರೆ ವರ್ಷ ನಾನು ದಿನಾ ಸೋತೆ. ಇಲ್ಲಿ ನಾನು ಸುಖವಾಗಿದ್ದದ್ದು ಆಗ ಮಾತ್ರ. “ಇದೇನ ಬ್ಯಾಕ್‌ಹ್ಯಾಂಡೋ, ನೊಣಾ ಹೊಡಿಯೂದೋ?” ಎಂದು ಬೈಸಿಕೊಳ್ಳುತ್ತ ಆಡಿದೆ. ಸೋಲುತ್ತ ಸೋಲುತ್ತ ಊರು ಸಡಿಲವಾಯಿತು. ರೊಟ್ಟಿ ಮುರಿಯುವುದು ಕೈಗೆ ಬಂತು. ಬಾಯಲ್ಲಿ ಪಕ್ಕಕ್ಕೆ ‘ಬಾಜೂ’, ಸಂಬಳಕ್ಕೆ ‘ಪಗಾರ’, ನಿಜಕ್ಕೆ ‘ಖರೆ’ ತಾನಾಗಿ ಬರತೊಡಗಿದವು. ಸಲಾಯಿನ್ ಅಂದ ಅಂಕಲಗಿಯ ಆ ರೈತರೇ ಒಂದು ಎಕರೆಗೆ ಪೈಪು ಹಾಕಿಸಿದರು. ಒಂದು ಸಂಜೆ ರಾಯಪ್ಪನವರನ್ನೂ ಸೋಲಿಸಿದೆ. ಅವರು ಬ್ಯಾಟನ್ನು ಕುರ್ಚಿಯ ಮೇಲೆ ಎಸೆದು, ಚಹಾ ಕೂಡ ಕುಡಿಯದೆ ಬಸ್ಸಿಗೆ ನಡೆದರು. ಮಗಳಿಗೆ ಫೋನ್ ಮಾಡಿ, ಇವತ್ತು ಗೆದ್ದೆ ಕಣಮ್ಮ ಅಂದೆ.

“ದಿನಾ ಗೆಲ್ತೀಯಲ್ಲಪ್ಪ” ಅಂದಳು.

ಹುಸಿ ಗೆಲುವಿನ ಕಥೆಯನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ಹಾಗಾಗಿ ಖರೆ ಗೆದ್ದ ದಿನ ಅದನ್ನು ತಿಳಿಸುವ ದಾರಿಯೂ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಘಟಪ್ರಭೆ ಓಣಿಗಳಿಗೆ ನುಗ್ಗಿತು. ನೀರಿಗಾಗಿ ಭೂಮಿ ತೋಡುವ ನಾವು, ಮನೆಯೊಳಗೆ ಬಂದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಹೊರಗೆ ಚೆಲ್ಲುವವರನ್ನು ಎಲ್ಲಿ ನೋಡಬೇಕು. ಟೇಬಲ್ಲನ್ನು ಎತ್ತಿ ಬೆಂಚು ಕುರ್ಚಿಗಳ ಮೇಲಿಟ್ಟೆವು. ಕ್ಲಬ್ಬು ಮುಚ್ಚಿತ್ತು. ಆ ದಿನಗಳಲ್ಲೇ ರಾಯಪ್ಪನವರಿಗೆ ಲಕ್ವಾ ಹೊಡೆಯಿತೆಂದು ಸುದ್ದಿ ಬಂತು. ಬಲಗೈಗೆ.

ದೀಪಾವಳಿ ಕಳೆದ ಮೇಲೆ ಅವರು ಬಂದರು. ಒಬ್ಬರೇ, ಬಸ್ಸಿನಲ್ಲಿ, ಬ್ಯಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು. ಬಾಯಿ ಸ್ವಲ್ಪ ಓರೆಯಾಗಿತ್ತು. ಎಲ್ಲರೂ ಎದ್ದು ನಿಂತೆವು. ಬಸಣ್ಣ ಅವರೊಡನೆ ಆಡಿದರು. ಚೆಂಡು ಎತ್ತರಕ್ಕೆ, ನಿಧಾನಕ್ಕೆ ಹೋಗಿ ಅವರ ಬ್ಯಾಟಿಗೆ ತಾನೇ ತಗುಲಿತು. ರಾಯಪ್ಪ ಗೆದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಆಡಿದರು, ಮತ್ತೆ ರಾಯಪ್ಪನೇ ಗೆದ್ದರು. ನಾನು ಅವರ ಮುಖ ನೋಡುತ್ತ ಕುಳಿತಿದ್ದೆ. ತನ್ನವರ ನಡುವೆಯೇ ನೆಂಟನಾಗಿಹೋದವನ ಮುಖ ಅದು.

“ವೆಂಕಟೇಶ, ನೀ ಬಾ.”

ಹೋದೆ. ಅವರು ನೆಟ್ಟಿನ ಹತ್ತಿರ ಬಂದು ನನಗಷ್ಟೇ ಕೇಳುವಂತೆ ಹೇಳಿದರು. “ಖರೆ ಆಡು. ನೀನೂ ಹಿಂಗ ಆಡಿದಿ ಅಂದ್ರ ನಾ ನಾಳಿಂದ ಈ ಕಡೆ ಬರಂಗಿಲ್ಲ.”

ನನ್ನ ಕೈ ಕೂಡ ಮೆತ್ತಗಾಗಲು ನೋಡುತ್ತಿತ್ತು. ಅದನ್ನು ಬಿಗಿಹಿಡಿದು ಖರೆ ಆಡಿದೆ. ಚೆಂಡು ದಾಟಿ ಹೋದ ಮೇಲೆ ಅವರ ಕೈ ಅಲ್ಲಿಗೆ ಬರುತ್ತಿತ್ತು. ಗೋಡೆಗೆ ಹೋಗಿ ಬಿದ್ದ ಚೆಂಡನ್ನು ಹೆಕ್ಕಿಕೊಡಲು ಯಾರನ್ನೂ ಬಿಡಲಿಲ್ಲ, ತಾವೇ ಹೋಗಿ, ಬಗ್ಗಿ, ಎತ್ತಿಕೊಂಡು ಬರುತ್ತಿದ್ದರು. “ಸಾಕ್ರಿ ಕೋಲಾರ ಸರ್” ಎಂದು ಬೆಂಚಿನ ಕಡೆಯಿಂದ ಯಾರೋ ಅಂದರು. ನನಗೂ ಸಾಕಾಗಿತ್ತು, ಕಣ್ಣು ಮಂಜಾಗಿತ್ತು. ರಾಯಪ್ಪ ಮಾತ್ರ ಮುಂದಿನ ಸರ್ವ್‌ಗೆ ಬಗ್ಗಿ ನಿಂತಿದ್ದರು. ಹನ್ನೊಂದಕ್ಕೆ ಒಂದು. ಆ ಒಂದೂ ನೆಟ್ಟಿಗೆ ತಾಗಿ ನನ್ನ ಕಡೆ ಬಿದ್ದದ್ದು.

ಬ್ಯಾಟನ್ನು ಕಂಕುಳಿಗೆ ಸೇರಿಸಿ ಎಡಗೈಯಿಂದ ನನ್ನ ಕೈ ಹಿಡಿದರು. “ನಾಳಿ ಬರ್ತೇನಿ” ಅಂದರು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಬಸಣ್ಣ ನನ್ನ ಮುಖ ನೋಡಲಿಲ್ಲ. “ಇರ್ಲಿ ಬಿಡ್ರಿ ಸರ್” ಅಂದರು. “ನೀವು ಹೊರಗಿನವ್ರು. ನಿಮಗ ತಿಳಿಯಂಗಿಲ್ಲ.”

ಮರುದಿನ ಅವರು ಬರಲಿಲ್ಲ. ಒಂದು ವಾರ ಕಳೆಯುವುದರೊಳಗೆ ಎರಡನೆಯ ಸಲ ಲಕ್ವಾ ಹೊಡೆದು ತೀರಿಕೊಂಡರು.

ಮೂಡಲಗಿಗೆ ಮಾತಾಡಿಸಲು ಹೋದಾಗ ಅವರ ಹೆಂಡತಿ ಕಸ್ತೂರವ್ವ ಗೋಡೆಗೆ ಒರಗಿ ಕೂತಿದ್ದರು. “ಕೋಲಾರದಾವ್ರು ನೀವ ಏನ್ರಿ?” ಎಂದು ಕೇಳಿದರು. ಹೌದೆಂದೆ.

“ಅವತ್ತ ಬಂದವ್ರು ಉಣ್ಣಲಿಲ್ಲರಿ. ಮಾತೂ ಆಡಲಿಲ್ಲ. ಈ ಗ್ವಾಡಿಗೆ ಚೆಂಡ ಬಡಕೋಂತ ಕುಂತಿದ್ರು, ಅದ ಕೈಲೆ. ಮರುದಿನಾನೂ ಅದ. ಸಿಟ್ಟ ಬಂದಿತ್ತೋ ಏನೋ, ನನಗ ತಿಳೀಲಿಲ್ಲ.”

ಗೋಡೆಯ ಮೇಲೆ ಸಣ್ಣ ಸಣ್ಣ ಗುರುತುಗಳಿದ್ದವು, ಒಂದೇ ಕಡೆ ಅಲ್ಲ, ಅಲ್ಲೊಂದು ಇಲ್ಲೊಂದು. ಮತ್ತೆ ನನ್ನ ಮುಂದೆ ನಿಲ್ಲಲು ಕೈ ಪಳಗಿಸುತ್ತಿದ್ದರೋ, ಆ ಕೈಯನ್ನು ಶಪಿಸುತ್ತಿದ್ದರೋ. ಒಂದು ದಿನ ಹೀಗನ್ನಿಸುತ್ತದೆ, ಮರುದಿನ ಹಾಗನ್ನಿಸುತ್ತದೆ. ಅವರು ಕೇಳಿದ್ದನ್ನೇ ಕೊಟ್ಟೆ ಎಂದು ಎಷ್ಟು ಹೇಳಿಕೊಂಡರೂ ಎದೆಯ ಭಾರ ಇಳಿದಿಲ್ಲ.

ಕ್ಲಬ್ಬಿನಲ್ಲಿ ಯಾರೂ ನನಗೆ ಒಂದು ಕೆಟ್ಟ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ಚಹಾ ಮೊದಲು ನನಗೇ ಬರುತ್ತದೆ, ಒಡೆಯದ ಕಪ್ಪಿನಲ್ಲಿ. ಬೆಂಚಿನಲ್ಲಿ ಜಾಗ ಬಿಡುತ್ತಾರೆ. ನಾನು ದಿನಾ ಗೆಲ್ಲುತ್ತೇನೆ. ಒಂದು ಸಂಜೆ ತಡೆಯಲಾರದೆ, ಸೋತೇ ತೀರಬೇಕೆಂದು ಚೆಂಡನ್ನು ಬೇಕೆಂದೇ ನೆಟ್ಟಿಗೆ ಹೊಡೆದೆ. ಮರುಚೆಂಡನ್ನು ಬಸಣ್ಣನೂ ನೆಟ್ಟಿಗೆ ಹೊಡೆದರು. ನಾನು ಹೊರಗೆ ಹೊಡೆದರೆ ಅವರೂ ಹೊರಗೆ. ಇಬ್ಬರು ನಡುವಯಸ್ಸಿನ ಗಂಡಸರು ಸೋಲಲು ಪೈಪೋಟಿ ನಡೆಸಿದೆವು. ಕೊನೆಗೆ ಗೆದ್ದದ್ದು ನಾನೇ. ಆ ಕಲೆಯಲ್ಲಿ ಅವರು ನನಗಿಂತ ಪಳಗಿದವರು.

ಯುಗಾದಿಗೆ ಊರಿಗೆ ಬಂದೆ. ನಮ್ಮ ಹಳೆಯ ಹಾಲ್‌ಗೆ ಹೋದೆ. ನನ್ನ ವಾರಿಗೆಯ ಮುನಿರಾಜು ಇನ್ನೂ ಅಲ್ಲೇ ಆಡುತ್ತಾನೆ. ಚಿಕ್ಕಂದಿನಲ್ಲಿ ನನಗೆ ಒಂದು ಪಾಯಿಂಟನ್ನೂ ಪುಕ್ಕಟೆ ಬಿಟ್ಟವನಲ್ಲ, ಸೋತರೆ ಜಗಳವಾಡಿ ಅಂಗಿ ಹರಿಯುತ್ತಿದ್ದವನು. ನನ್ನನ್ನು ಕಂಡು ಕುರ್ಚಿ ಒರೆಸಿ ಕೊಟ್ಟ. “ಅಷ್ಟು ದೂರದಿಂದ ಬಂದಿದೀಯಪ್ಪಾ, ಸರ್ವ್ ನಿಂದೇ” ಅಂದ.

ಸರ್ವ್ ಮಾಡಿದೆ. ಚೆಂಡು ಮರಳಿ ಬಂತು. ಎತ್ತರಕ್ಕೆ, ನಿಧಾನಕ್ಕೆ, ಸರಿಯಾಗಿ ನನ್ನ ಬಲಗೈಗೆ. ಆ ಚೆಂಡು ನನಗೆ ಚೆನ್ನಾಗಿ ಗೊತ್ತು. ಮುನಿರಾಜುವಿಗೆ ‘ಖರೆ ಆಡು’ ಅನ್ನಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಆ ಮಾತು ಅಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಮಗಳು ಕೇಳಿದಳು. “ಏನಪ್ಪಾ, ಗೆದ್ಯಾ?”

ಗೆದ್ದೆ ಅಂದೆ.