ನನ್ನ ತೋಳಿನಳತೆಯ ಕೋವಿ

...ಅಥವಾ ಅಂದು ಮಳೆಯೇ ಇರಲಿಲ್ಲವೇನೋ. ನೆನಪಿನಲ್ಲಂತೂ ಮಳೆ ಹಿಡಿದಿದೆ. ಕೋವಿ ಪರವಾನಗಿಯ ವಿಚಾರಣೆಗೆ ಬಂದ ಅಧಿಕಾರಿ ಒದ್ದೆ ಬೂಟು ಬಾಗಿಲಲ್ಲಿ ಬಿಟ್ಟು ಕಾಲುಚೀಲದಲ್ಲೇ ಅಡುಗೆಮನೆಗೆ ನಡೆಯುತ್ತಾನೆ, ನನ್ನ ಗಂಡ ಶಿವು ಅವನಿಗೆ ಕಾಫಿ ಕೊಡುತ್ತಾನೆ, ನಾನು ಗರಾಜಿನಲ್ಲಿ ಕಾಯುತ್ತೇನೆ. ಆದರೆ ಕೋವಿಯ ಮಾತು ಬಂದಾಗಲೆಲ್ಲ ನನ್ನ ತಲೆ ತಾನಾಗಿ ಮಳೆ ಸುರಿಸಿಕೊಳ್ಳುತ್ತದೆ. ಮಳೆನಾಡಿಗೆಂದೇ ಆರಿಸಿದ ಕೋವಿ ಅದು. ಆದ್ದರಿಂದ ಈ ಸಾಕ್ಷ್ಯವನ್ನು ನಂಬಬೇಡಿ.

ನಾವಿರುವುದು ಕ್ರೈಸ್ಟ್‌ಚರ್ಚಿನಲ್ಲಿ. ಮಂಡ್ಯದಲ್ಲಿದ್ದಾಗ ಕೋಳಿ ಕೊಯ್ಯುವುದನ್ನೂ ನೋಡಲಾರದ ಶಿವು ಇಲ್ಲಿ ಕಚೇರಿಯ ಗೆಳೆಯರಿಂದ ಬೇಟೆ ಕಲಿತ. ಶುಕ್ರವಾರ ಯೂಟ್ ಎಂಬ ಪಿಕಪ್ ಗಾಡಿ ಹತ್ತಿ ಬೆಟ್ಟದಾಚೆಯ, ಸದಾ ಮಳೆ ಸುರಿಯುವ ಪಶ್ಚಿಮ ಕರಾವಳಿಗೆ ಹೋದರೆ ಭಾನುವಾರ ಜಿಂಕೆಯ ತೊಡೆ ಹೊತ್ತು ಬರುತ್ತಿದ್ದ. ನಾನು ಮೆಣಸು ಹುರಿದು ಸಾರು ಮಾಡಿ ಮುದ್ದೆ ಕಟ್ಟುತ್ತಿದ್ದೆ. ನಮ್ಮ ದಾಂಪತ್ಯದ ಒಳ್ಳೆಯ ಭಾಗವೆಲ್ಲ ಬೆಟ್ಟದಾಚೆಗೇ ಖರ್ಚಾಗುತ್ತಿದೆ ಎನ್ನಿಸಿ ಒಂದು ದಿನ, ನಾನೂ ಬರುತ್ತೇನೆ, ನನ್ನದೇ ಕೋವಿ ಹಿಡಿದು ಬರುತ್ತೇನೆ ಎಂದೆ.

ಆ ಚಳಿಗಾಲವೆಲ್ಲ ಕೋವಿ ಹುಡುಕಿದೆ. ವರ ಹುಡುಕಿದಾಗ ನಮ್ಮ ಮನೆಯವರು ಇಷ್ಟು ಶ್ರದ್ಧೆ ತೋರಿರಲಿಲ್ಲ. ಆ ಕಾಡಿನಲ್ಲಿ ಕರಿಯ ಬಳ್ಳಿಗಳು ಆಳೆತ್ತರಕ್ಕೆ ಹೆಣೆದುಕೊಂಡಿರುತ್ತವೆ. ಉದ್ದ ನಳಿಕೆ ಹೆಜ್ಜೆಗೊಮ್ಮೆ ಸಿಕ್ಕಿಕೊಳ್ಳುತ್ತದೆ. ಇಲ್ಲಿಯವರು ತುದಿಗೆ ಸದ್ದಡಗಿಸುವ ಕೊಳವೆ ಬೇರೆ ತಿರುಪುತ್ತಾರೆ. ಆದ್ದರಿಂದ ನಳಿಕೆ ಗಿಡ್ಡ, ತುಕ್ಕು ಹಿಡಿಯದ ಉಕ್ಕು, ನೀರಿಗೆ ಉಬ್ಬುವ ಮರದ ಬದಲು ಪ್ಲಾಸ್ಟಿಕ್ ಹಿಡಿ, ಅದೂ ನನ್ನ ಗಿಡ್ಡ ತೋಳಿಗೆ ತಕ್ಕಷ್ಟೇ ಉದ್ದ. ಗುಂಡಿನ ಅಳತೆ ಸೆವೆನ್ ಎಂಎಂ ಓ ಎಯ್ಟ್: ಜಿಂಕೆಗೆ ಸಾಕು, ನನ್ನ ಭುಜಕ್ಕೆ ಅತಿಯಲ್ಲ. ಭಾರದ ಗುಂಡು ಎಲೆ ಕಡ್ಡಿಗಳನ್ನು ಸೀಳಿಕೊಂಡು ನೇರ ಹೋಗುತ್ತದೆ ಎಂಬ ನಂಬಿಕೆಯೊಂದು ಬೇಟೆಗಾರರಲ್ಲಿದೆ. ಬರಿಯ ಸುಳ್ಳು. ಕಡ್ಡಿಗೆ ತಗುಲಿದರೆ ಯಾವ ಗುಂಡೂ ದಾರಿ ತಪ್ಪೀತು. ಎಲೆಗಳ ನಡುವೆ ಸಂದು ತೆರೆಯುವ ತನಕ ಕಾಯಬೇಕು, ಅಷ್ಟೇ.

ಅಂಗಡಿಯಾತ ಕೋವಿಯನ್ನು ನನ್ನ ಕೈಗಿತ್ತು ವಿವರಣೆಯನ್ನೆಲ್ಲ ಶಿವುಗೆ ಒಪ್ಪಿಸಿದ. ನಾನು ಪ್ರಶ್ನೆ ಕೇಳಿದರೂ ಉತ್ತರ ಅವನಿಗೇ. ಹೊರಗೆ ಬಂದ ಮೇಲೆ ಶಿವು ನಕ್ಕ. "ನೀನು ಕೋವಿ ನೋಡಕ್ಕೆ ಬಂದ್ಯೋ, ಅವನ್ನ ವೈವಾ ಮಾಡಕ್ಕೆ ಬಂದ್ಯೋ? ಪಾಪ, ಬೆವೆತೋದ ಕಣೇ." ನನಗೂ ನಗು ಬಂತು. ಬಂತೆಂದೇ ನೆನಪು.

ಕೋವಿಗೆ ಮೊದಲು ಪರವಾನಗಿ ಬೇಕು. ಪರವಾನಗಿಗೆ ಮೊದಲು ಅರ್ಜಿ ಹಾಕಿದವರ ಗಂಡನನ್ನೋ ಹೆಂಡತಿಯನ್ನೋ ಪ್ರತ್ಯೇಕವಾಗಿ ಕೂರಿಸಿ, ಇವರ ಕೈಗೆ ಬಂದೂಕು ಕೊಡಬಹುದೇ ಎಂದು ಕೇಳುತ್ತಾರೆ. ಮದುವೆಗೆ ಮೊದಲು ಯಾರೂ ಕೇಳದ ಪ್ರಶ್ನೆ.

ನಮ್ಮ ಕಡೆ ಹೊರಗಿನವರ ಮುಂದೆ ಹೆಂಡತಿಯನ್ನು ಹೊಗಳಿದರೆ ದೃಷ್ಟಿಯಾಗುತ್ತದೆ. ಹೊಗಳಿಕೆ ದೂರಿನ ವೇಷದಲ್ಲೇ ಬರಬೇಕು. "ಈ ಮಾರಮ್ಮನ ಜೊತೆ ಬಾಳ್ವೆ ಮಾಡಿದ್ದೀನಲ್ಲ, ನಂಗೆ ಹಾರ ಹಾಕ್ಬೇಕು ನೀವು" ಎಂದು ನನ್ನಪ್ಪ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಅಮ್ಮ ಒಳಗೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನಗುತ್ತಿದ್ದಳೆಂದು ನಾನು ಅಂದುಕೊಂಡಿದ್ದೆ; ಸೆರಗಿನ ಹಿಂದೆ ಇಣುಕಿದವಳಲ್ಲ.

ಅಧಿಕಾರಿ ಗರಾಜಿಗೆ ಬಂದು ಕೇಳಿದ: "ಆ ಸೌಟಿನ ಪ್ರಸಂಗ ಏನು?" ನಾನು ನಕ್ಕುಬಿಟ್ಟೆ. ಆತ ನಗಲಿಲ್ಲ. ಕೆಲವು ವಾರಗಳಲ್ಲಿ ಫೋನ್ ಬಂತು: ಪರವಾನಗಿ ಕೊಡಲಾಗದು, ಮನೆಯೊಳಗಿನ ಸುರಕ್ಷತೆಯ ಬಗ್ಗೆ ಸಮಾಧಾನವಿಲ್ಲ.

"ಏನಂದೆ ಅವನಿಗೆ?"

"ತಮಾಷೆಗೆ ಅಂದಿದ್ದು ಕಣೇ. ಕೋಪ ಬಂದ್ರೆ ಸೌಟು ತಗೊಂಡ್ ಅಟ್ಟಿಸ್ಕೊಂಡ್ ಬರ್ತಾಳೆ, ಇನ್ನು ಕೋವಿ ಕೊಟ್ರೆ ಶಿವಾಯ ನಮಃ ಅಂದೆ. ನಮ್ಮೂರಲ್ಲಿ ಯಾರಾದ್ರೂ ಇದನ್ನ ಸೀರಿಯಸ್ಸಾಗಿ ತಗೋತಾರಾ?"

"ಇದು ನಮ್ಮೂರಾ?"

"ಅವರಿಗೆ ಫೋನ್ ಮಾಡಿ ಹೇಳ್ತೀನಿ ಬಿಡು."

ಹೇಳಿದನಂತೆ. ಏನೂ ಆಗಲಿಲ್ಲವಂತೆ. ನಾನು ಸೌಟು ಎತ್ತಿದ್ದು ನಿಜವೇ? ದೋಸೆ ಹುಯ್ಯುತ್ತಾ ಮಾತಾಡುವವಳು ನಾನು. ಸೌಟು ಗಾಳಿಯಲ್ಲಿ ಆಡಿರಬಹುದು. ಅವನು ಓಡಿದ್ದಂತೂ ನನಗೆ ನೆನಪಿಲ್ಲ.

ಆಮೇಲೆ ಅವನೇ ಆ ಕೋವಿ ಕೊಂಡ. "ಇಷ್ಟು ಹುಡುಕಿದ್ದೀಯ, ವೇಸ್ಟ್ ಆಗ್ಬಾರ್ದು." ನನ್ನ ತೋಳಿನಳತೆಯದು ಅವನಿಗೆ ಗಿಡ್ಡ, ಹಿಡಿದರೆ ಗುರಿ ನೋಡಲು ಕೋವಿಯ ಮೇಲೆ ಕೂರಿಸಿದ ದುರ್ಬೀನು ಕಣ್ಣಿಗೇ ಒತ್ತುತ್ತದೆ. ಮೊದಲ ಗುಂಡಿಗೇ ಅದು ಹಿಂದಕ್ಕೆ ಒದ್ದು ಹುಬ್ಬಿನ ಮೇಲೆ ಅರ್ಧಚಂದ್ರ ಕೆತ್ತಿತು. ಗಾಯ ತೊಳೆದು ಅರಿಸಿನ ಹಚ್ಚಿದವಳು ನಾನೇ. ಸಂತೋಷವಾಗಲಿಲ್ಲ ಎಂದು ಬರೆಯಲು ಹೊರಟು ಎರಡು ಸಲ ಹೊಡೆದುಹಾಕಿದ್ದೇನೆ.

ಈಗ ಕೋವಿ ಗರಾಜಿನ ಉಕ್ಕಿನ ಕಪಾಟಿನಲ್ಲಿದೆ. ನನ್ನಜ್ಜಿ ಮನೆಯ ಬೀಗದ ಕೈಗಳನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ಆಳಿದವಳು; ನನ್ನ ಮನೆಯಲ್ಲಿ ಆ ಕಪಾಟಿನ ಬೀಗದ ಕೈ ಎಲ್ಲಿದೆಯೆಂದು ಪರವಾನಗಿಯಿಲ್ಲದ ನನಗೆ ತಿಳಿಯಕೂಡದು, ಹಾಗಂತ ಕಾನೂನಿದೆ. ಶುಕ್ರವಾರ ಯೂಟ್ ಹೊರಡುತ್ತದೆ. ಭಾನುವಾರ ಸಾರು ಕುದಿಯುತ್ತದೆ. ಸೌಟು ಆಡಿಸುವಾಗ ಅವನ ಹುಬ್ಬಿನ ಗುರುತಿನ ಕಡೆ ಕಣ್ಣು ಹೋಗುತ್ತದೆ. ಅಂದು ಅಡುಗೆಮನೆಯಲ್ಲಿ ಅವನ ಮಾತು ಯಾವುದೋ ಕಡ್ಡಿಗೆ ತಗುಲಿ ನನ್ನ ಕಡೆ ತಿರುಗಿತೋ, ಸಂದು ತೆರೆಯುವ ತನಕ ಕಾದು ಗುರಿಯಿಟ್ಟೇ ಹೊಡೆದನೋ, ನನಗೆ ಗೊತ್ತಿಲ್ಲ.